ಹವಳದ ಪಂಜರಕ್ಕೊಂದು ಚಿಲಕ

ಬಳ್ಳಾರಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಅಂಥ ಊರಲ್ಲಿ ಕೂತು ಸಮುದ್ರದ ಕೆಲಸ ಹಿಡಿದಾಗಿನಿಂದ ನನಗೆ ಬರೀ ಫಜೀತಿಗಳೇ ಎದುರಾಗುತ್ತವೆ.

ಪಾರ್ವತಿನಗರದ ಹತ್ತಿರ ನನ್ನದೊಂದು ವೆಲ್ಡಿಂಗ್ ಶಾಪು. ಕರಾವಳಿಯ ಮೀನುಗಾರರ ಸಂಘವೊಂದು ಕಬ್ಬಿಣದ ಪಂಜರ ಕೇಳಿತು. ಬಲೆ, ಲಂಗರು ಬಡಿದು ಮುರಿದ ಹವಳದ ತುಂಡುಗಳನ್ನು ಅದಕ್ಕೆ ಕಟ್ಟಿ ಕಡಲ ತಳಕ್ಕಿಳಿಸಿದರೆ ಹವಳ ಮತ್ತೆ ಬೆಳೆದು ಮೀನು ತಿರುಗಿ ಬರುತ್ತವಂತೆ. ಮಾದರಿ ಒಪ್ಪಿದರೆ ಪೂರ್ತಿ ಕೆಲಸ ನಮಗೆ. ಇಲ್ಲದಿದ್ದರೆ ಮತ್ತೆ ಅದೇ ಕಿಟಕಿ, ಅದೇ ಗೇಟು.

೧. ಮೇಸ್ತ್ರಿ

"ಬಾಗಲಾ ಯಾವ ಕಡಿ ಇಡೂಣ್ರಿ?" ಎಂದ ನಮ್ಮ ಮೇಸ್ತ್ರಿ.

"ಬಾಗಲಾ ಇಲ್ಲಪ್ಪ. ಮೀನು ಸರಳಿನ ಸಂದ್ಯಾಗ ಬರ್ತಾವ, ಹೋಗ್ತಾವ."

ಮರುದಿನ ನೋಡಿದರೆ ಪಂಜರಕ್ಕೆ ಬಾಗಿಲು, ಬಾಗಿಲಿಗೆ ಚಿಲಕ. ನನಗೆ ಪಿತ್ತ ನೆತ್ತಿಗೇರಿತು.

"ಲೇ, ಸಮುದ್ರದ ತಳದಾಗ ಚಿಲಕಾ ಯಾರು ಹಾಕ್ತಾರ?"

"ಹಾಕೋದು ಬಿಡೋದು ಅವರಿಗೆ ಬಿಟ್ಟದ್ದು. ಕೊಡೋದು ನಮ್ಮ ಧರ್ಮರೀ."

೨. ಸಿರುಗುಪ್ಪದ ಕಾಲುವೆ

ಹರಿಯುವ ನೀರಿನಲ್ಲಿ ಪಂಜರ ನಿಲ್ಲುತ್ತದೋ ನೋಡಲು ಸಿರುಗುಪ್ಪದ ಕಾಲುವೆಗೆ ಇಳಿಸಿದೆವು. ಅಲುಗಾಡದೆ ನಿಂತಿತು. ಭತ್ತದ ಗದ್ದೆಯ ಯಜಮಾನರೊಬ್ಬರು ಬಂದು ಎಲ್ಲ ಕೇಳಿಕೊಂಡರು.

"ಸಮುದ್ರಕ್ಕ ನೀರು ಯಾವಾಗ ಬಿಡ್ತಾರ್ರಿ?"

"ಯಾರೂ ಬಿಡಂಗಿಲ್ಲರಿ. ಯಾವಾಗಲೂ ಇರ್ತೈತಿ."

ಅವರಿಗೆ ನಂಬಿಕೆಯೇ ಬರಲಿಲ್ಲ. "ಹಂಗಾದ್ರ ಅಲ್ಲಿ ಕೊನಿ ಭಾಗದ ಮಂದಿ ನೀರು ಮುಟ್ಟಲಿಲ್ಲಂತ ಯಾರ ಮ್ಯಾಲೆ ಜಗಳ ತಗೀತಾರ?"

೩. ಕುರುಗೋಡಿನ ಅತ್ತೆ

ಬರುವಾಗ ಗಾಡಿ ಕೆಟ್ಟಿತು. ಪಂಜರವನ್ನು ಕುರುಗೋಡಿನ ನನ್ನ ಸೋದರತ್ತೆಯ ಹಿತ್ತಲಲ್ಲಿ ಇಳಿಸಿ ಬಂದೆ. ಮೀನುಗಾರರ ಸಂಘದ ಮುಖ್ಯಸ್ಥೆ, ನಾವೆಲ್ಲ ಅಕ್ಕ ಎನ್ನುವವರು, ಮಾದರಿ ನೋಡಲು ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಕರೆದುಕೊಂಡು ಹೋದರೆ, ಪಂಜರದ ತುಂಬ ಹೀರೆಬಳ್ಳಿ. ಒಳಗೆ ಕಾವಿಗೆ ಕೂತ ಕೋಳಿ. ಕೆಲಸ ಕೈತಪ್ಪಿತೆಂದುಕೊಂಡೆ.

"ಖಾಲಿ ನಿಂತಿತ್ತು, ನೋಡಾಕ ಆಗಲಿಲ್ಲ," ಎಂದಳು ಅತ್ತೆ.

ಅಕ್ಕ ಸುತ್ತ ಒಂದು ಸುತ್ತು ಹಾಕಿ ನಕ್ಕರು. "ನಮಗೆ ಬೇಕಾದ್ದೂ ಇದೇ ಅಲ್ವಾ ಮಾರಾಯ್ರೆ. ಜೀವ ಬಂದು ಕೂತ್ಕೊಳ್ಬೇಕು. ಕೆಲಸ ನಿಮಗೇ. ಆ ಚಿಲಕ ಒಂದು ಬೇಡ."

"ಚಿಲಕಾ ಇರದಿದ್ರ ಬೆಕ್ಕು ಕೋಳೀನ ಎಂದೋ ತಿಂತಿತ್ತು," ಅತ್ತೆ ಮುಖ ಗಂಟು ಹಾಕಿದಳು. ಆ ಪಂಜರವನ್ನೂ ಬಿಟ್ಟುಕೊಡಲಿಲ್ಲ.

ಚಿಲಕವಿಲ್ಲದ ಪಂಜರಗಳು ಕಡಲ ತಳ ಸೇರಿ ಬಹಳ ದಿನವಾಗಿತ್ತು. ಮೊನ್ನೆ ಅತ್ತೆಯ ಮನೆಯಲ್ಲಿದ್ದಾಗ ಅಕ್ಕನ ಫೋನು. ಹವಳ ಹಿಡಿದುಕೊಂಡಿದೆ, ಸಣ್ಣ ಮೀನು ಬಂದಿವೆ, ಯಾರೂ ಬಲೆ ಎಳೆಯದಂತೆ ಊರವರೆಲ್ಲ ದೋಣಿಯಲ್ಲಿ ಸರದಿಯಂತೆ ಕಾವಲು ಕಾಯುತ್ತಿದ್ದಾರೆ ಎಂದರು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಫೋನು ಕಸಿದುಕೊಂಡಳು.

"ಅವತ್ತ ಚಿಲಕಾ ಬ್ಯಾಡ ಅಂದಿ. ಈಗ ನೋಡವಾ, ಊರ ಮಂದಿಯೆಲ್ಲ ಕಾಯೋದು ಬಂತು."