ನುಗ್ಗೆಬೀಜದ ಮಾವ

ನನ್ನ ಸೋದರಮಾವನನ್ನು ಮಾತ್ರ ಹೆಣ್ಣು ನೋಡಲು ಕರೆದುಕೊಂಡು ಹೋಗಬೇಡಿ. ಹೊಸನಗರದಲ್ಲಿ ನನ್ನ ತಮ್ಮನಿಗೆ ಹುಡುಗಿ ನೋಡಲು ಹೋದಾಗ ನಾವೆಲ್ಲ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ ಇವರು ಹಿತ್ತಲಿನ ನುಗ್ಗೆಮರವನ್ನೇ ನೋಡುತ್ತ ನಿಂತಿದ್ದರು. ಹುಡುಗಿಯ ಅಪ್ಪ ಹಿಂದಿನಿಂದ ಬಂದು, "ಹ್ಯಾಗೆ, ಒಪ್ಪಿಗೆ ಆಯ್ತಾ?" ಎಂದರು.

"ಇನ್ನೂ ಬಲೀಬೇಕು ಮಾರಾಯ್ರೆ. ಎರಡು ತಿಂಗ್ಳು ಬಿಟ್ಟು ಬಂದು ಕೊಯ್ಕೊಂಡು ಹೋಗ್ತೀನಿ."

ಸಂಬಂಧ ಅಲ್ಲಿಗೇ ಮುಗಿಯಿತು.

ಬ್ಯಾಂಕಿನಿಂದ ನಿವೃತ್ತರಾದವರು ದೇವಸ್ಥಾನ ಸುತ್ತುತ್ತಾರೆ, ಇಲ್ಲವೇ ತಮ್ಮ ಸಕ್ಕರೆ ಕಾಯಿಲೆಯ ಕಥೆ ಹೇಳುತ್ತಾರೆ. ಇವರಿಗೆ ಹಿಡಿದದ್ದು ಕೊಳೆನೀರಿನ ಹುಚ್ಚು. ಸಾಗರದಲ್ಲಿ ನನ್ನದೊಂದು ಗಾಡಿ ತೊಳೆಯುವ ಅಂಗಡಿ. ಜೀಪು ತೊಳೆದ ಕೆಸರುನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಮನೆ ಗಿರಿಜಕ್ಕನ ಅಂಗಳ ಸೇರುತ್ತಿತ್ತು. ಬೈದು ಬೈದು ಸಾಕಾಗಿ ಆಕೆ ಅಂಗಡಿ ಮುಚ್ಚಿಸುವುದಾಗಿ ಹೇಳಿ ಹೋದರು. ನನಗೆ ಊಟ ಸೇರಲಿಲ್ಲ. ಮಾವನಿಗೆ ಮಾತ್ರ ಹಬ್ಬ.

"ಬಲಿತ ನುಗ್ಗೆಬೀಜ ಪುಡಿ ಮಾಡಿ ಕದಡಿದ್ರೆ ಮಣ್ಣೆಲ್ಲ ಗಂಟುಕಟ್ಟಿ ತಳಕ್ಕೆ ಇಳಿಯುತ್ತೆ ಕಣೋ."

"ಪಟಿಕ ಹಾಕಿದ್ರೆ ಆಗಲ್ವಾ ಮಾವ?"

"ನಿನ್ನ ತಲೆಗೆ ಅಷ್ಟೇ ಹೊಳೆಯೋದು."

ನನ್ನ ಹೆಂಡತಿಯ ಮಿಕ್ಸಿ ಅಂಗಡಿಗೆ ಬಂತು. ಇವರ ಕೈ ಧಾರಾಳ ನೋಡಿ! ಕೆಸರುನೀರು ಹಿಡಿದಿಟ್ಟ ಡ್ರಮ್ಮಿಗೆ ಸುರಿದ ಪುಡಿಗೆ ಎಲ್ಲ ಮಜ್ಜಿಗೆಯಂತಾಯಿತು. ಮುಟ್ಟಬೇಡ ಎಂದು ಕಾವಲು ಕೂತರು. ವಾರದೊಳಗೆ ಅದು ಕೊಳೆತು ನಾತ ಹೊಡೆಯಿತು, ಗಿರಾಕಿಗಳು ಗಾಡಿ ತಿರುಗಿಸಿದರು.

"ಮೂಗು ಯಾಕೆ ಮುಚ್ಕೊಳ್ತೀಯಾ? ಪ್ರಯೋಗ ಅಂದ್ಮೇಲೆ ವಾಸನೆ ಇರುತ್ತೆ."

ಆಮೇಲೆ ಚಮಚ ಹಿಡಿದು ಅಳತೆ ಕಲಿತರು. ಮೇಲೆ ತೇಲುವ ಎಣ್ಣೆ ತೆಗೆದು, ಬೀಜದ ಹಾಲು ಸೋಸಿ ಹಾಕಿ, ಮೊದಲು ಜೋರಾಗಿ, ಆಮೇಲೆ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ತಿರುವುತ್ತಿದ್ದರು. ಅಡ್ಡ ಸಿಕ್ಕ ಗಿರಾಕಿಗೆಲ್ಲ ಉಪನ್ಯಾಸ. ಸ್ಕೂಟರ್ ತೊಳೆಸಲು ಬಂದವರು ಇದನ್ನೆಲ್ಲ ಯಾಕೆ ಕೇಳಬೇಕು? ಆದರೂ ಕೆಸರು ತಳಕ್ಕಿಳಿಯಿತು, ತಿಳಿನೀರು ಮೇಲೆ ನಿಂತಿತು. ಅದರಲ್ಲೇ ಮತ್ತೆ ಗಾಡಿ ತೊಳೆದೆವು. ಈ ಮನುಷ್ಯನನ್ನು ಇನ್ನು ಹಿಡಿಯುವವರಿಲ್ಲ ಎಂದು ನನಗೆ ಗೆದ್ದ ಖುಷಿಗಿಂತ ಚಿಂತೆಯೇ ಹೆಚ್ಚಾಯಿತು.

ಒಂದು ಬೆಳಿಗ್ಗೆ ಗಿರಿಜಕ್ಕ ಬಂದರು. ಮತ್ತೆ ಜಗಳಕ್ಕೇ ಎಂದುಕೊಂಡೆ.

"ಅಂಗಳ ಒಣಗಿದೆ," ಎಂದರು. "ನಮ್ಮನೆಯವ್ರಿಗೆ ಲಕ್ವ ಹೊಡೆದ ಮೇಲೆ ಕೆಸರಲ್ಲಿ ಜಾರ್ತಾರೆ ಅಂತ ಹೊರಗೇ ಬಿಟ್ಟಿರ್ಲಿಲ್ಲ. ನಿನ್ನೆ ಕೋಲು ಹಿಡ್ಕೊಂಡು ತುಳಸಿಕಟ್ಟೆ ತನಕ ಬಂದ್ರು."

ಮಾವ ಕೈ ಒರೆಸಿಕೊಂಡು ಆಕೆಯ ಹಿಂದೆ ಇಳಿದು ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಇಣುಕಿ ನೋಡಿದೆ. ಆ ಹಿರಿಯರ ಕೈ ಹಿಡಿದುಕೊಂಡು ಮಾವ ಅಂಗಳದಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ಅವರು ಮುಂದಕ್ಕೆ ಬರುತ್ತಿದ್ದರು.