ಎದುರುಮನೆಯವನ ಶಿಕ್ಷೆ

ಸರ್ಕಾರಿ ವಕೀಲರ ಅಡುಗೆಮನೆಯ ನಲ್ಲಿ ಮೂರು ವಾರದಿಂದ ತೊಟ್ಟಿಕ್ಕುತ್ತಿತ್ತು. ಹನ್ನೆರಡು ಸಲ ಕರೆದರೂ ಬಾರದ ಪ್ಲಂಬರ್ ಆ ಬೆಳಿಗ್ಗೆ ಏಳಕ್ಕೇ ಬಂದು ಸಿಂಕಿನ ಕೆಳಗೆ ಮಲಗಿದ್ದ.

"ಇವನನ್ನ ಯಾರು ಕರೆಸಿದ್ದು?"

"ಎದುರುಮನೆ ಅಣ್ಣ," ಎಂದಳು ಹೆಂಡತಿ. "ಫೋನಲ್ಲಿ ಒಂದ್ಸಲ ಕೆಮ್ಮಿದ್ರು ಅಷ್ಟೆ, ಓಡಿ ಬಂದ."

ವಕೀಲರ ಹೊಟ್ಟೆಗೆ ಬೆಂಕಿ ಬಿತ್ತು. ಈ ಅಣ್ಣ ಅಂಗಡಿಯವರನ್ನು ಹೆದರಿಸಿ ಸುಲಿಗೆ ಮಾಡಿ, ಆ ಕಪ್ಪುಹಣವನ್ನು ಬಿಳಿ ಮಾಡಿ ಸಿಕ್ಕಿಬಿದ್ದವನು. ಅವನನ್ನು ಜೈಲಿಗಟ್ಟಲು ವಕೀಲರು ಎರಡು ವರ್ಷ ಗಂಟಲು ಹರಿದುಕೊಂಡಿದ್ದರು. ನ್ಯಾಯಾಧೀಶರೋ, ಅವನ ಬಿ.ಪಿ. ನೋಡಿ ಕರಗಿ, ಒಂದೇ ಒಂದು ವರ್ಷದ ಗೃಹಬಂಧನ ಕೊಟ್ಟರು. ಬಂಗಲೆ ಜಪ್ತಿಯಾಗಿದ್ದರಿಂದ ಅವನು ತಂಗಿಯ ಫ್ಲಾಟಿಗೆ ಬಂದ. ಅದು ವಕೀಲರ ಬಾಗಿಲಿಗೆ ಸರಿಯಾಗಿ ಎದುರು!

ಮಗ ಕುಣಿಯುತ್ತಾ ಬಂದ. "ಅಪ್ಪಾ, ಶೇಕಡಾ ಲೆಕ್ಕದಲ್ಲಿ ಇಪ್ಪತ್ತಕ್ಕಿಪ್ಪತ್ತು! ಎದುರುಮನೆ ಮಾಮ ಹೇಳ್ಕೊಟ್ರು."

"ನಾನೂ ಹೇಳ್ಕೊಟ್ಟಿದ್ನಲ್ಲೋ!"

"ಆಗ ಆರು ಬಂದಿತ್ತು."

"ಪಾಪ, ಅವರು ಇಡೀ ದಿನ ಮನೇಲೇ ಇರ್ತಾರೆ. ನೀವೂ ಇದೀರಿ," ಎಂದಳು ಹೆಂಡತಿ.

"ಅದು ಶಿಕ್ಷೆ ಕಣೇ!"

ಅಂದು ವಕೀಲರ ಮೇಲ್ಮನವಿಯ ವಿಚಾರಣೆ. ಇವತ್ತು ಅವನು ಜೈಲಿಗೆ ಹೋಗದಿದ್ದರೆ ತನ್ನ ಮನೆಯಲ್ಲಿ ತನಗೆ ಕಾಸಿನ ಕಿಮ್ಮತ್ತೂ ಉಳಿಯುವುದಿಲ್ಲ ಎಂದುಕೊಂಡು ಹೊರಟರು. ಲಿಫ್ಟಿನ ಬಳಿ ನೆರೆಹೊರೆಯವರೆಲ್ಲ ಒಂದು ಕಾಗದ ಹಿಡಿದು ಅಡ್ಡಗಟ್ಟಿದರು.

"ಸಾರ್, ಅವರನ್ನ ಇಲ್ಲೇ ಇರೋಕೆ ಬಿಡಿ. ಈ ಲಿಫ್ಟ್ ರಿಪೇರಿ ಆಗಿದ್ದೇ ಅವರಿಂದ. ನಲವತ್ತು ಜನ ಸಹಿ ಹಾಕಿದೀವಿ."

ಮೊದಲ ಸಹಿ ಹೆಂಡತಿಯದಾಗಿತ್ತು. ವಕೀಲರು ಲಿಫ್ಟ್ ಬಿಟ್ಟು ಆರು ಮಹಡಿ ಮೆಟ್ಟಿಲಿಳಿದರು.

ಮೇಲಿನ ಕೋರ್ಟಿನಲ್ಲಿ ಅವರು ಅಂದು ಸಿಡಿಲಿನಂತೆ ಗುಡುಗಿದರು. "ಸ್ವಾಮಿ, ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವನು ಆರಾಮಾಗಿ ಕಾಫಿ ಕುಡೀತಿದಾನೆ!" ಅದೂ ನನ್ನ ಹೆಂಡತಿ ಮಾಡಿದ್ದು ಎಂಬ ಮಾತನ್ನು ಕಷ್ಟಪಟ್ಟು ನುಂಗಿಕೊಂಡರು.

ನ್ಯಾಯಾಧೀಶರು ತಲೆದೂಗಿದರು. "ನಿಜ, ಶಿಕ್ಷೆ ತೀರಾ ಹಗುರ. ಒಂದು ವರ್ಷ ಇದ್ದದ್ದು ಐದಾಗಲಿ."

ವಕೀಲರು ಮೀಸೆ ತಿರುವಿದರು.

"ಆದರೆ ವೈದ್ಯರು ಜೈಲು ಬೇಡ ಅಂದಿದ್ದಾರೆ. ರಾತ್ರಿ ಗೃಹಬಂಧನವೇ ಇರಲಿ. ಹಗಲು ಸರ್ಕಾರಿ ವಕೀಲರ ಕಚೇರಿಯಲ್ಲಿ ಸಂಬಳವಿಲ್ಲದೆ ದುಡಿಯಲಿ. ಇಷ್ಟೊಂದು ಕಾಳಜಿ ಇರುವ ನೀವೇ ದಿನಾ ಕರೆದೊಯ್ದು ಕರೆತನ್ನಿ."

ಸಂಜೆ ಸುದ್ದಿ ಕೇಳಿ ಹೆಂಡತಿಯ ಮುಖ ಅರಳಿತು. "ಅಂತೂ ಒಂದು ಒಳ್ಳೆ ಕೆಲಸ ಮಾಡಿದ್ರಿ! ನೋಡಿ, ನಾಳೆಯಿಂದ ಸ್ಕೂಟರ್ ನಿಧಾನವಾಗಿ ಓಡ್ಸಿ. ಹಿಂದೆ ಅಣ್ಣ ಕೂತಿರ್ತಾರೆ."

ಮದುವೆಯಾದ ಹದಿನೈದು ವರ್ಷಗಳಲ್ಲಿ, ನಿಧಾನವಾಗಿ ಓಡಿಸಿ ಎಂದು ಅವಳು ಒಮ್ಮೆಯೂ ಹೇಳಿದ್ದು ವಕೀಲರಿಗೆ ನೆನಪಾಗಲಿಲ್ಲ.