ಹೊಂಗೆ ಹೂವಿನ ಏರು, ಹಿಂದಿನ ಚಕ್ರದ ವ್ಯಾನು

ನಮ್ಮ ವ್ಯಾನು ತಕರಾರಿಲ್ಲದೆ ಮುಂದೆ ಹೋದ ದಿನ ನನಗೆ ಭಯ ಆಗುತ್ತೆ, ಎಲ್ಲೋ ಏನೋ ಕೆಟ್ಟಿರಬೇಕು ಅಂತ. ಉಳಿದ ದಿನ ನಡೆಯೋದೆಲ್ಲ ಈ ಥರದ್ದೇ.

ನಾನು ಬಸವನಗುಡಿಯ ಒಂದು ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಹನುಮಂತನಗರದ ಒಂದು ತಗ್ಗಿನಲ್ಲಿ. ಎಲ್ಲಿಗೆ ಹೋಗಬೇಕಾದರೂ ಮೊದಲು ಏರು ಹತ್ತಬೇಕು. ಈ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. "ಆರು ವಾರ ದಿನಾ ಫಿಸಿಯೋಥೆರಪಿ ಮಾಡಿಸ್ಲೇಬೇಕು. ತಪ್ಪಿಸಿದ್ರೆ ಮಂಡಿ ಮಡಚೋದೇ ಇಲ್ಲ, ಆಮೇಲೆ ನನ್ನನ್ನ ಕೇಳ್ಬೇಡಿ," ಅಂದರು ಡಾಕ್ಟರು. ಕ್ಲಿನಿಕ್ ಇರೋದು ಚಾಮರಾಜಪೇಟೆಯಲ್ಲಿ. ಆಟೋದವರು ಮೇಲಿನಿಂದಲೇ ಬಗ್ಗಿ ನೋಡಿ "ಅಪ್ ಜಾಸ್ತಿ ಇದೆ ಸಾರ್" ಅಂತ ತಿರುಗಿಸಿಕೊಂಡು ಹೋಗಿಬಿಡ್ತಾರೆ. ಅದಕ್ಕೇ ಒಬ್ಬ ಅಡುಗೆ ಕಂಟ್ರಾಕ್ಟರ್ ಹತ್ತಿರ ಹಳೇ ವ್ಯಾನು ಕೊಂಡೆ. ಎಂಜಿನ್ನು ಮುಂದಿನ ಸೀಟಿನ ಕೆಳಗೆ, ಗಾಡಿ ತಳ್ಳೋದು ಹಿಂದಿನ ಚಕ್ರ, ಹಿಂದುಗಡೆ ಒಂದು ಸೀಟು ಬಿಟ್ಟರೆ ಇದ್ದದ್ದು ಬರೀ ಸಾಂಬಾರಿನ ವಾಸನೆ. ಆ ವಾಸನೆಗೆ ತೂಕ ಇರಲಿಲ್ಲ, ಅದೇ ಎಡವಟ್ಟಾಯ್ತು.

೧. ನಮ್ಮೂರಿನ ಹಿಮ

ಬೆಂಗಳೂರಲ್ಲಿ ಹಿಮ ಬೀಳಲ್ಲ, ಹೊಂಗೆ ಹೂ ಬೀಳುತ್ತೆ. ನಮ್ಮ ಏರಿನ ಎರಡೂ ಕಡೆ ಹೊಂಗೆ ಮರ. ಯುಗಾದಿ ಹೊತ್ತಿಗೆ ರಸ್ತೆ ಕಾಣದಷ್ಟು ಬಿಳಿ. ಜನ ದೂರದಿಂದ ಬಂದು ಫೋಟೋ ತೆಗೆದುಕೊಳ್ತಾರೆ. ಅದರ ಮೇಲೆ ಒಂದು ಸಣ್ಣ ಮಳೆ ಬಿತ್ತೋ, ಕೆಳಗೆ ಹೊಸ ಕಾಂಕ್ರೀಟು, ಮೇಲೆ ಹೂವಿನ ಲೋಳೆ.

ಮೊದಲ ದಿನವೇ ಅರ್ಧ ಏರಿನಲ್ಲಿ ಚಕ್ರ ಗರ್ರ್ ಅಂತ ಇದ್ದಲ್ಲೇ ಸುತ್ತಿತು. ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ ಮನೆ ಗೇಟಿಗೇ ಬಂದು ನಿಂತಿತು. ಅಮ್ಮ ನಿಟ್ಟುಸಿರು ಬಿಟ್ಟಳು. "ನಾನು ನಿಮಗೆಲ್ಲಾ ಭಾರ ಆಗ್ಬಿಟ್ಟೆ ಕಣೋ."

ಹೆಂಡತಿ ಗೇಟಿನಿಂದ ಕೂಗಿದಳು, "ಇದೇನ್ರೀ, ದಿನಾ ಮಕ್ಕಳಿಗೆ ಘರ್ಷಣೆ ಪಾಠ ಮಾಡ್ತೀರ, ಇಲ್ಲಿ ಮಾಡಕ್ಕಾಗಲ್ವಾ?"

ರಸ್ತೆಗೂ ಟೈರಿಗೂ ಇರಬೇಕಾದ ಘರ್ಷಣೆ ಆವತ್ತು ಪೂರ್ತಿ ನನಗೂ ಅವಳಿಗೂ ಆಯ್ತು.

೨. ಅಕ್ಕಿ ಮೂಟೆ

ಸಂಜೆ ಮೊಬೈಲಲ್ಲಿ ಹುಡುಕಿದೆ. ಯಾವುದೋ ಹಿಮದ ದೇಶದವನು ಮೊಣಕಾಲುದ್ದ ಹಿಮದಲ್ಲಿ ನಿಂತು ಪಾಠ ಮಾಡ್ತಿದ್ದ. ಹಿಂದಿನ ಚಕ್ರದ ಗಾಡಿಗೆ ಚಕ್ರದ ಮೇಲೆ ಭಾರ ಬೇಕು, ಮರಳು ಮೂಟೆ ಹಾಕಿ, ಅಂದ. ಆಹಾ, ಇಷ್ಟೇನಾ ಅನ್ನಿಸಿತು.

"ಮರಳು ಯಾಕೆ? ಹೇಗೂ ಅಕ್ಕಿ ತರಿಸಿದೀನಿ, ಎರಡು ಮೂಟೆ. ಒಳಗೆ ಇಡೋಕೆ ಜಾಗನೂ ಇಲ್ಲ," ಅಂದಳು ಹೆಂಡತಿ.

ಗಾಡಿ ಹತ್ತಿತು! ಒಂದು ವಾರ ನಾನು ರಾಜ. ಆದರೆ ಅಮ್ಮನ ಮಂಡಿ ವಿಚಾರಿಸೋಕೆ ನೆಂಟರು ಬಂದರು, ಬಂದವರು ಊಟಕ್ಕೆ ಕೂತರು. ಹೆಂಡತಿ ದಿನಾ ಬೆಳಿಗ್ಗೆ ಸೇರು ಹಿಡಿದು ವ್ಯಾನಿಗೆ ಹೋಗೋಳು. ಮೂಟೆ ಇಳೀತಾ ಬಂತು, ಗಾಡಿ ಜಾರ್ತಾ ಬಂತು. ನಾನು "ಇವತ್ತು ಉಪ್ಪಿಟ್ಟು ಮಾಡೇ, ಅನ್ನ ಬೇಡ" ಅಂತ ಬೇಡಿಕೊಳ್ಳೋ ಸ್ಥಿತಿಗೆ ಬಂದೆ.

ಒಂದು ದಿನ ಬಾಗಿಲು ತೆಗೆದರೆ ವ್ಯಾನಿನ ಹಿಂದೆ ನಾಲ್ಕು ಜನ ಚೀಲ ಹಿಡಿದು ಸಾಲಾಗಿ ನಿಂತಿದ್ದಾರೆ. "ಸಾರ್, ರೇಷನ್ ಯಾವಾಗಿಂದ ಕೊಡ್ತೀರ? ಕಾರ್ಡ್ ತರ್ಬೇಕಾ?"

೩. ಸರಪಳಿ

ಹಿಮದವನ ಎರಡನೇ ಸಲಹೆ, ಟೈರಿಗೆ ಸರಪಳಿ ಸುತ್ತಿ. ಮಾಮೂಲ್‌ಪೇಟೆಯ ಒಂದು ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದೆ.

"ನಾಯಿಗಾ ಸಾರ್, ಉಯ್ಯಾಲೆಗಾ?" ಅಂದ ಅಂಗಡಿಯವನು.

"ಟೈರಿಗೆ."

ಪಾಪ, ಅವನ ಮುಖ ಬಾಡಿತು. "ಟೈರು ಕದಿಯೋ ಕಾಲ ಬಂತಾ ಸಾರ್? ಯಾವ ಏರಿಯಾ ನಿಮ್ದು? ಬೀಗನೂ ತಗೊಂಡ್ಹೋಗಿ."

ಅವನಿಗೆ ಹಿಮ, ಹೊಂಗೆ ಹೂ, ಅಮ್ಮನ ಮಂಡಿ ಎಲ್ಲಾ ವಿವರಿಸೋ ಶಕ್ತಿ ನನಗಿರಲಿಲ್ಲ. ಬೀಗನೂ ತಂದೆ.

ಸರಪಳಿ ಸುತ್ತಿ ಹೊರಟರೆ ಬೀದಿಯವರೆಲ್ಲ ಗೇಟಿಗೆ ಬಂದರು, ಅಷ್ಟು ಗಲಾಟೆ. ಅಮ್ಮ ಕಿವಿ ಮುಚ್ಚಿಕೊಂಡಳು. ಏರಿನ ಮಧ್ಯ ಪಟ್ ಅಂತ ಅದು ಕಿತ್ತುಕೊಂಡಿತು. ಗಾಡಿ ಮತ್ತೆ ಗೇಟಿಗೆ ಬಂತು, ಸರಪಳಿ ರಸ್ತೆಯಲ್ಲೇ ಉಳಿಯಿತು.

ಮಾರನೇ ದಿನ ನೋಡಿದರೆ ಎದುರು ಮನೆಯವರು ಅದನ್ನ ಎರಡು ಕಂಬಕ್ಕೆ ಕಟ್ಟಿ "ಇಲ್ಲಿ ವ್ಯಾನು ನಿಲ್ಲಿಸಬೇಡಿ" ಅಂತ ಬೋರ್ಡು ಹಾಕಿದ್ದರು. ಆ ಬೀದಿಯಲ್ಲಿ ವ್ಯಾನು ಇರೋದು ನನ್ನದೊಂದೇ.

೪. ಗಾಳಿ

ಮೂರನೇ ಸಲಹೆ, ಟೈರಿನ ಗಾಳಿ ಸ್ವಲ್ಪ ಕಮ್ಮಿ ಮಾಡಿ, ಹಿಡಿತ ಬರುತ್ತೆ. ಮಾವಳ್ಳಿಯ ಪಂಕ್ಚರ್ ಅಂಗಡಿಯವನು ನನ್ನನ್ನ ಮೇಲಿಂದ ಕೆಳಗೆ ನೋಡಿದ. "ಗಾಳಿ ಹಾಕ್ಸೋಕೆ ಬರ್ತಾರೆ ಸಾರ್. ತೆಗ್ಸೋಕೆ ಬಂದಿರೋದು ನೀವೇ ಮೊದಲು. ಮನೇಲೆಲ್ಲಾ ಆರಾಮಾ?"

ತೆಗೆಸಿಕೊಂಡು ಸ್ಕೂಲಿಗೆ ಹೋದೆ. ಸಂಜೆ ಹೊರಗೆ ಬಂದರೆ ನಮ್ಮ ವಾಚ್‌ಮನ್ ಬೆವರು ಒರೆಸಿಕೊಳ್ಳುತ್ತಾ ಪಂಪು ಹಿಡಿದು ನಿಂತಿದ್ದ. "ಯಾವನೋ ದರಿದ್ರದೋನು ನಿಮ್ ಗಾಡಿ ಗಾಳಿ ಬಿಟ್ಟಿದ್ದ ಸಾರ್. ನಾಲ್ಕೂ ಟೈರು ಕಲ್ಲಿನ ಥರ ತುಂಬ್ಸಿದೀನಿ."

ಆ ದರಿದ್ರದೋನು ಅವನಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಬಂದ.

೫. ಭಾರ

ಆರನೇ ವಾರದ ಕೊನೇ ದಿನ. ರಸ್ತೆ ಒಣಗಿದ ದಿನ ಗಾಡಿ ಹೇಗೋ ಹತ್ತುತ್ತಿತ್ತು, ಆದರೆ ಹಿಂದಿನ ಎರಡು ದಿನ ಮಳೆಯಿಂದ ಅಮ್ಮನ ಫಿಸಿಯೋಥೆರಪಿ ತಪ್ಪಿಹೋಗಿತ್ತು. "ನಾಳೆನೂ ಬರದಿದ್ರೆ ಮಾಡಿದ್ದೆಲ್ಲಾ ವೇಸ್ಟು," ಅಂತ ಕ್ಲಿನಿಕ್ಕಿನ ಹುಡುಗಿ ಫೋನಲ್ಲಿ ರೇಗಿದ್ದಳು. ಬೆಳಿಗ್ಗೆ ಗಾಡಿ ತೆಗೆದೆ. ಅಕ್ಕಿ ಖಾಲಿ. ಅರ್ಧ ಏರಿನಲ್ಲಿ ಗರ್ರ್, ಮತ್ತೆ ಗೇಟಿಗೆ. ನನಗೆ ನಿಜವಾಗಲೂ ಅಳು ಬಂತು. ನನ್ನ ಪೆದ್ದುತನಕ್ಕೆ ಅಮ್ಮನ ಕಾಲು ಹೋಗುತ್ತಲ್ಲಪ್ಪಾ ಅಂತ.

ಎದುರು ಮನೆಯವರು ಸರಪಳಿ ದಾಟಿ ಬಂದರು. "ಹಿಂದೆ ಭಾರ ಇಲ್ಲ ಮೇಷ್ಟ್ರೇ. ಅಮ್ಮನ್ನ ಹಿಂದೆ ಕೂರ್ಸಿ."

ಅಮ್ಮನ ಕಣ್ಣು ತುಂಬಿತು. "ನೋಡ್ದ್ಯಾ? ನಾನು ಭಾರ ಅಂತ ಬೀದಿಯೋರಿಗೂ ಗೊತ್ತಾಗಿದೆ."

"ಅಯ್ಯೋ ಅಮ್ಮಾ, ಇದು ಬೇಕಾಗಿರೋ ಭಾರ!" ಅಂತ ಸಮಾಧಾನ ಮಾಡಿ ಹಿಂದೆ ಕೂರಿಸಿದೆ. ಅವಳು ಉಸಿರು ಬಿಗಿಹಿಡಿದು, ಎರಡೂ ಕೈ ಸೀಟಿಗೆ ಒತ್ತಿ, ತನ್ನ ಕೈಲಾದಷ್ಟು ಭಾರವಾಗಿ ಕೂತಳು. ಆಕ್ಸಿಲರೇಟರ್ ಒತ್ತಿದೆ. ಚಕ್ರ ಮೊದಲಿನಷ್ಟೇ ಆರಾಮಾಗಿ ಸುತ್ತಿತು. ಆಪರೇಷನ್ ಆದಮೇಲೆ ಅಮ್ಮ ಇರೋದೇ ಮೂವತ್ತೆಂಟು ಕೆಜಿ.

ಹೆಂಡತಿಗೆ ಖುಷಿಯೋ ಖುಷಿ. "ನೋಡಿ ಅತ್ತೆ, ನೀವು ಭಾರ ಅಲ್ಲ ಅಂತ ಎಲ್ಲರ ಮುಂದೆ ಪ್ರೂವ್ ಆಯ್ತು!"

ಅಮ್ಮ ಕೆಂಡವಾದಳು. "ಅಂದ್ರೆ ಭಾರ ಆಗೋಕೂ ನಾನು ಲಾಯಕ್ಕಿಲ್ಲ ಅಂತಾಯ್ತು. ಇಳಿಸೇ ನನ್ನನ್ನ! ಪೊರಕೆ ತಗೊಂಡು ಬಾ!"

ಹೆಂಡತಿ ಮುಂದೆ ಮುಂದೆ ಹೂ ಗುಡಿಸುತ್ತಾ ಹೋದಳು. ಹಿಂದೆ ಅಮ್ಮ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಎದುರು ಮನೆಯವರ ಭುಜದ ಮೇಲೆ. ಮಂಡಿ ಮಡಚಿತು, ಚಾಚಿತು, ಮತ್ತೆ ಮಡಚಿತು. ನಾನು ಸ್ಟೇರಿಂಗ್ ಹಿಡಿದು ಬಾಯಿ ಬಿಟ್ಟುಕೊಂಡು ನೋಡ್ತಾ ಕೂತೆ. ವಿಜ್ಞಾನದ ಮೇಷ್ಟ್ರಿಗೆ ಆರು ವಾರ ಪೊರಕೆ ಒಂದು ಹೊಳೆದಿರಲಿಲ್ಲ.

ತುದಿ ಮುಟ್ಟಿ ಅಮ್ಮ ಒಂದು ಆಟೋಗೆ ಕೈ ಅಡ್ಡ ಹಾಕಿದಳು. ಹತ್ತಿ ಕೂತು, ಇಡೀ ಬೀದಿಗೆ ಕೇಳೋ ಹಾಗೆ ಕೂಗಿದಳು.

"ಲೋ! ಇವತ್ತೇ ಕೊನೆ ನನಗೆ. ನಾಳೆಯಿಂದ ಆ ವ್ಯಾನಿಗೆ ಮಾಡ್ಸೋ ಫಿಸಿಯೋಥೆರಪಿ!"